ಅತ್ತೆಯ ಬೆನ್ನಿನ ಗುಂಡಿಗಳು

ಕೇಳಿ ಗೆಳತಿಯರೇ, ಇವತ್ತು ನಮ್ಮ ಅತ್ತೆಯ ಮೌನವ್ರತ ಮುರಿಯಿತು! ಮೈಸೂರಿನಿಂದ ತರಿಸಿದ ಕಾಗದದ ಮಾದರಿ ಇಟ್ಟು ಅವರ ಹೊಸ ರವಿಕೆಯ ಬಟ್ಟೆ ಕತ್ತರಿಸಿದೆನೆಂದು ಮೊನ್ನೆಯಿಂದ ನನ್ನೊಡನೆ ಮಾತು ಬಿಟ್ಟಿದ್ದರು. "ನನ್ ಮೈ ಅಳ್ತೆ ಆ ಕಾಗ್ದಕ್ಕೇನ್ ಗೊತ್ತು?" ಎಂಬುದೇ ಕೊನೆಯ ಮಾತು.

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ನಾನು ಹೊಲಿದಿಟ್ಟ ರವಿಕೆಯನ್ನು ಗುಟ್ಟಾಗಿ ತೊಟ್ಟು ನೋಡಿದ್ದಾರೆ. ಹೇಳಿ ಮಾಡಿಸಿದಂತಿದೆ. ಆದರೆ ಮಾದರಿಯಲ್ಲಿದ್ದಂತೆ ಗುಂಡಿಗಳೆಲ್ಲ ಬೆನ್ನಿಗೆ! ಇಷ್ಟು ವರ್ಷ ಎದೆಯ ಮುಂದೆ ಗಂಟು ಹಾಕಿಕೊಂಡವರಿಗೆ ಕೈ ಎಟುಕಲಿಲ್ಲ. ಬಂದು ನನಗೆ ಬೆನ್ನು ತಿರುಗಿಸಿ ನಿಂತರು.

"ಏನು ಬೇಕಿತ್ತು ಅತ್ತೆ?"

"ಕಣ್ ಕಾಣಾಕಿಲ್ವೇನಮ್ಮಿ? ಗುಂಡಿ ಆಕು!"

ಹಾಕಿದೆ. ಕನ್ನಡಿ ನೋಡಿಕೊಂಡು, "ಇನ್ನೊಂದು ಒಲಿ. ಗುಂಡಿ ಮುಂದಕ್ಕಿರ್ಲಿ" ಎಂದರು.

ಹೊಲಿಯುತ್ತೇನೆ. ಗುಂಡಿ ಮಾತ್ರ ಬೆನ್ನಿಗೇ. ಮುನಿಸಿಕೊಂಡರೂ ದಿನಾ ಬೆಳಿಗ್ಗೆ ನನ್ನನ್ನು ಕರೆಯಲೇಬೇಕಲ್ಲ!