ಆಸರೆಗೆ ನಿಲ್ಲಿಸಿದ ತೆಂಗಿನ ತುಂಡು

ಅಣ್ಣ ಯಂತ್ರದಡಿಯಿಂದ ತಾನಾಗಿಯೇ ಎದ್ದು ಬಂದನೋ, ನಾನೇ ಕರೆದೆನೋ, ಈಗ ಖಚಿತವಾಗಿ ಹೇಳಲಾರೆ. ಮನೆಯಲ್ಲಿ ಹೇಳಿ ಹೇಳಿ ಎರಡೂ ನಿಜವಾಗಿಬಿಟ್ಟಿವೆ. ಅದು ಯಾವ ದಿನವೆಂಬುದೂ ಮರೆತಿದೆ. ಸದ್ದು ಮಾತ್ರ ಮರೆತಿಲ್ಲ.

ಹೊನ್ನವಳ್ಳಿಯ ನಮ್ಮ ತೋಟದಲ್ಲಿ ಚಿಕ್ಕಪ್ಪನ ಮಣ್ಣೆತ್ತುವ ಯಂತ್ರ ಕೆಟ್ಟು ನಿಂತಿತ್ತು. ಹೈಡ್ರಾಲಿಕ್ ಸಿಲಿಂಡರ್ ಸೋರಿ, ಬಕೆಟ್ ಎತ್ತುವ ತೋಳು ತಾನಾಗಿಯೇ ಕೆಳಗಿಳಿಯುತ್ತಿತ್ತು. ಸಿಲಿಂಡರ್ ಬಿಚ್ಚಿ ತಂದರೆ ಹೊಸ ಸೀಲ್ ಹಾಕಿಕೊಡುತ್ತೇನೆ ಎಂದಿದ್ದ ತಿಪಟೂರಿನ ಮೆಕ್ಯಾನಿಕ್. ಬಿಚ್ಚಬೇಕಾದರೆ ಅದನ್ನು ತೋಳಿಗೆ ಸೇರಿಸಿದ್ದ ಎರಡೂ ಕಡೆಯ ಪಿನ್ ಹೊರಬರಬೇಕು. ಒಂದು ಸಡಿಲವಾಗಿತ್ತು, ಅದನ್ನು ಕೊನೆಗೆ ತೆಗೆದರಾಯಿತು. ಇನ್ನೊಂದು ಗ್ರೀಸ್ ಕಾಣದೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದಕ್ಕೆ ಡೀಸೆಲ್ ಸುರಿದು ನೆನೆಯಲು ಬಿಟ್ಟರು.

ಪಿನ್ ಬಂದರೆ ತೋಳು ಬೀಳುತ್ತದೆ, ಅದಕ್ಕೆ ಆಸರೆ ಬೇಕು. ನಮ್ಮ ಕಡೆ ಕೊಟ್ಟಿಗೆಯ ತೊಲೆಗೂ ತೆಂಗು, ಕಾಲುವೆ ದಾಟಲೂ ತೆಂಗು. ಚಿಕ್ಕಪ್ಪ ಕೊಟ್ಟಿಗೆ ಹಿಂದೆ ಬಿದ್ದಿದ್ದ ಮರದ ತುಂಡೊಂದನ್ನು ಉರುಳಿಸಿ ತಂದು ತೋಳಿನಡಿ ನಿಲ್ಲಿಸಿದರು. ಅಣ್ಣ ಅದನ್ನು ಕಾಲಲ್ಲಿ ಒದ್ದು ನೋಡಿದ.

"ತೆಂಗು ಕಣ್ಲಾ, ನಿನ್ನಂಗೆ ಟೊಳ್ಳಲ್ಲ" ಅಂದರು ಚಿಕ್ಕಪ್ಪ.

ಅಣ್ಣ ಚಪ್ಪಲಿ ಬಿಟ್ಟು ತೋಳಿನಡಿ ನುಸುಳಿ, ಕಬ್ಬಿಣದ ಸರಳನ್ನು ಪಿನ್ನಿಗೆ ಆನಿಸಿ ಹಿಡಿದ. ಚಿಕ್ಕಪ್ಪ ಪಕ್ಕದಲ್ಲಿ ನಿಂತು ಸುತ್ತಿಗೆಯಲ್ಲಿ ಹೊಡೆದರು. ಪಿನ್ ಬೆರಳಿನಷ್ಟು ಸರಿಯಿತು. ಆಗಲೇ ಅಣ್ಣನ ಕಣ್ಣಿಗೆ ತುಕ್ಕಿನ ಪುಡಿ ಬಿದ್ದಿದ್ದು. ಕಣ್ಣು ಮುಚ್ಚಿಕೊಂಡೇ ನನ್ನ ಹತ್ತಿರ ಬಂದು, "ಊದು ಕಣೇ" ಅಂದ. ನಾನು ರೆಪ್ಪೆ ಬಿಡಿಸಿ ಊದುತ್ತಿದ್ದೆ. ಪಿನ್ ಸಡಿಲವಾಗಿದೆಯಲ್ಲ ಎಂದು ಚಿಕ್ಕಪ್ಪ ಹೊರಗಿನಿಂದಲೇ ಕೈ ಚಾಚಿ, ಸರಳು ಹಿಡಿದು, ಇನ್ನೊಂದು ಏಟು ಹಾಕಿದರು.

ಪಿನ್ ಹಾರಿತು. ತೋಳು ಬಿತ್ತು. ತೆಂಗಿನ ತುಂಡು ಮುರಿಯಲಿಲ್ಲ, ಹಾಗೇ ಕುಸಿದು ಚಪ್ಪಟೆಯಾಯಿತು. ಮೇಲೆ ಕೈಬೆರಳಗಲದ ಗಟ್ಟಿ ಸಿಪ್ಪೆ, ಒಳಗೆಲ್ಲ ಕಂದು ಹುಡಿ. ಹುಡಿಯ ನಡುವೆ ಹುಳ ಬಿಟ್ಟುಹೋದ ನಾರಿನ ಗೂಡುಗಳು. ಅಣ್ಣನ ಚಪ್ಪಲಿ ಬಕೆಟ್ಟಿನ ಕೆಳಗಿತ್ತು.

ನಾನು ಆಮೇಲೂ ಊದುತ್ತಲೇ ಇದ್ದೆನಂತೆ. ಇದು ಅಣ್ಣ ಹೇಳಿದ್ದು, ನನಗೆ ನೆನಪಿಲ್ಲ. "ಸಾಕು ಬುಡೇ, ಹೋಯ್ತು" ಅಂದನಂತೆ, ಚಪ್ಪಲಿಯನ್ನೇ ನೋಡುತ್ತಾ.

ಬೋರ್‌ವೆಲ್ ಪಕ್ಕದ ತೆಂಗಿನ ಮರವೊಂದರ ಸುಳಿ, ಹುಳ ಬಿದ್ದಾಗ ಬಾಗುವಂತೆ, ಬಾಗಿದ್ದು ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಅದನ್ನು ಕಡಿಸಿ ತುಂಡುಗಳನ್ನು ಕೊಟ್ಟಿಗೆ ಹಿಂದೆ ಹಾಕಿಸಿದವರು ಚಿಕ್ಕಪ್ಪನೇ. ಸಂಜೆ ಅವರು ಜಗಲಿಯಲ್ಲಿ ಕೂತು ಆ ಪಿನ್ನನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು, ತುಕ್ಕೆಲ್ಲ ಹೋದ ಮೇಲೂ. ಆಗ ಕೇಳಿದೆ. ಆಮೇಲೆ ಎಷ್ಟೋ ಸಲ ಊರಿಗೆ ಹೋಗಿ ಅವರ ಪಕ್ಕದಲ್ಲೇ ಕೂತು ಉಂಡಿದ್ದೇನೆ. ಪ್ರತಿ ಸಲವೂ ಅವರು ಕೊಬ್ಬರಿ ಧಾರಣೆಯ ಮಾತೆತ್ತುತ್ತಾರೆ.

"ಚಿಕ್ಕಪ್ಪ, ಅದು ಹುಳ ಬಿದ್ದ ಮರದ ತುಂಡು ಅಂತ ನಿಮಗೆ ಗೊತ್ತಿತ್ತಾ?"