ಮಲಗುವ ಜಾಗದ ನಕ್ಷೆ

‘ಒಳಗೆ ಬಿಟ್ಕೊಳ್ತಾರಾ ನಿನ್ನ?’ ಎಂದು ಗೈಡ್ ಮೇಡಂ ಕೇಳಿದ್ದರು. ‘ನಮ್ಮನೆಯೊಳಗೆ ನನ್ನನ್ನ ಬಿಡದೇ ಇರ್ತಾರಾ ಮೇಡಂ?’ ಅಂದಿದ್ದೆ. ಎಂಥ ಜಂಬ ನನಗೆ!

ಆರ್ಕಿಟೆಕ್ಚರಿನಲ್ಲಿ ಎಂ.ಆರ್ಕ್ ಮಾಡುತ್ತಿದ್ದೆ. ಕ್ಲಾಸಿನವರೆಲ್ಲ ಥೀಸಿಸ್ಸಿಗೆ ಏರ್‌ಪೋರ್ಟು, ಮ್ಯೂಸಿಯಮ್ಮು ಅಂತ ಹೊರಟಾಗ ನಾನು ಆರಿಸಿಕೊಂಡದ್ದು ಕಾಫಿ ಎಸ್ಟೇಟಿನ ಲೈನ್ ಮನೆಗಳನ್ನು. ಕೂಲಿಯವರಿಗೆಂದು ಸಾಲಾಗಿ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳು. ಮುಂದೆ ಒಂದು ಕೋಣೆ, ಹಿಂದೆ ಒಂದು ಅಡುಗೆಮನೆ, ಮುಗಿಯಿತು. ನಾನು ಹುಟ್ಟಿದ್ದೇ ಕೊಟ್ಟಿಗೆಹಾರದ ಹತ್ತಿರ ಅಂಥದೊಂದು ಲೈನಿನಲ್ಲಿ. ಅಪ್ಪನಿಗೆ ಡ್ರೈವರ್ ಕೆಲಸ ಸಿಕ್ಕಿ ನಾವು ಚಿಕ್ಕಮಗಳೂರಿಗೆ ಬಂದೆವು. ಚಿಕ್ಕಮ್ಮ, ಎಂದರೆ ಅಮ್ಮನ ತಂಗಿ, ಅಲ್ಲೇ ಕಾಫಿ ಕೊಯ್ದುಕೊಂಡು ಉಳಿದಳು.

ನನಗೆ ಬೇಕಿದ್ದದ್ದು ಒಂದೇ: ಅಷ್ಟು ಚಿಕ್ಕ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ? ಗೋಡೆಯ ಅಳತೆಯನ್ನು ಯಾರು ಬೇಕಾದರೂ ತೆಗೆಯಬಹುದು. ಚಾಪೆ ಎಲ್ಲಿ ಹಾಸುತ್ತಾರೆ, ಬಾಣಂತಿಗೆ ಯಾವ ಮೂಲೆ, ಮದುವೆಯಾದ ಮಗನಿಗೆ ಮರೆ ಹೇಗೆ, ಇದು ತಿಳಿದರೆ ತಾನೇ ಇವರಿಗೆ ಎಂಥ ಮನೆ ಬೇಕು ಅಂತ ಹೇಳಲು ಬರುವುದು? ಇಡೀ ಥೀಸಿಸ್ಸು ನಿಂತದ್ದು ಆ ನಕ್ಷೆಯ ಮೇಲೆ. ಎಸ್ಟೇಟಿನ ಸಾಹುಕಾರ್ರು ಅಡ್ಡಿ ಮಾಡಲಿಲ್ಲ. ಬರೆದು ಮುಗಿಸಿದ ಮೇಲೆ ತಮಗೂ ಒಂದು ಪ್ರತಿ ಕೊಡಬೇಕು ಅಂದರು, ಅಷ್ಟೆ. ನಾನು ಆಗಲಿ ಅಂದೆ.

ಚಿಕ್ಕಮ್ಮ ಟೇಪಿನ ತುದಿ ಹಿಡಿದು ಮನೆಮನೆಗೂ ನನ್ನ ಜೊತೆ ಬಂದಳು. ‘ನಮ್ಮಕ್ಕನ ಮಗಳು, ಇಂಜಿನಿಯರ್ ಓದ್ತಿದಾಳೆ’ ಅನ್ನುವಳು. ಆರ್ಕಿಟೆಕ್ಟ್ ಅಂತ ತಿದ್ದಿ ತಿದ್ದಿ ನನಗೆ ಸಾಕಾಯಿತು. ಪ್ರತಿ ಮನೆಯಲ್ಲೂ ಗಂಡ ಹೆಂಡತಿ ಇಬ್ಬರೇ.

‘ಮಗ ಎಲ್ಲಿ?’

‘ಕಳಸದಲ್ಲಿ ರೂಮ್ ಮಾಡ್ಕಂಡಿದಾನೆ.’

‘ಸೊಸೆ?’

‘ಗಂಡ ಇದ್ದಲ್ಲೇ ಇರ್ತಾಳಲ್ವಾ ಮಾರಾಯ್ತಿ!’

ಚಿಕ್ಕಮ್ಮನ ಮಗ ಮೂಡಿಗೆರೆಯಲ್ಲಿ ಆಟೋ ಓಡಿಸುತ್ತಿದ್ದ. ಅವನೂ ಹೆಂಡತಿ ಮಗುವನ್ನು ಕಟ್ಟಿಕೊಂಡು ಅಲ್ಲೇ ಬಾಡಿಗೆ ಮನೆ ಮಾಡಿದ್ದಾನೆ ಎಂದಳು. ಹೇಳಿದ್ದನ್ನೆಲ್ಲ ಬರೆದುಕೊಂಡೆ. ಮನೆಗೆ ಎರಡೆರಡು ಚಾಪೆ ಎಳೆದೆ. ಗೋಡೆಯ ತುಂಬ ಬಟ್ಟೆ ತೂಗುಹಾಕುವ ಮೊಳೆಗಳಿದ್ದವು, ಬಟ್ಟೆಗಳೇ ಇರಲಿಲ್ಲ. ಅದನ್ನೂ ಬಿಡಲಿಲ್ಲ ನಾನು. ಖಾಲಿ ಮೊಳೆಗಳು ಪೇಟೆ ಸೇರಿದ ಮಕ್ಕಳ ನೆನಪು, ಲೈನುಗಳು ಬರಿದಾಗುತ್ತಿವೆ ಅಂತ ಒಂದು ಅಧ್ಯಾಯವನ್ನೇ ಕೊರೆದೆ. ಮೇಡಂ ಓದಿ ಕಣ್ಣಲ್ಲಿ ನೀರು ತಂದುಕೊಂಡರು, ನನ್ನಾಣೆ.

ಹೋದಾಗಲೆಲ್ಲ ಕಡುಬು, ಒಣಸಿಗಡಿ ಚಟ್ನಿ ತಯಾರಿರುತ್ತಿತ್ತು. ಹೇಳದೆ ಹೋದರೂ ತಯಾರು. ‘ನಾ ಬರೋದು ನಿಂಗೆ ಹೆಂಗೆ ಗೊತ್ತಾಗುತ್ತೆ ಚಿಕ್ಕಮ್ಮ?’ ಅಂದರೆ, ‘ಬೆಳಿಗ್ಗೆನೇ ಕಾಗೆ ಕೂಗ್ತಲ್ಲ’ ಅನ್ನುತ್ತಿದ್ದಳು. ಪ್ರೀತಿಯೆಂದರೆ ಇದಪ್ಪಾ ಅಂತ ಕರಗಿ ನೀರಾಗುತ್ತಿದ್ದೆ.

ಥೀಸಿಸ್ ಮುಗಿಯುವ ಹೊತ್ತಿಗೆ, ಹೋಲಿಕೆಗೆ ಇರಲಿ ಅಂತ ಕುದುರೆಮುಖದ ಗಣಿ ಕಂಪನಿಯ ಪಾಳು ಕ್ವಾರ್ಟರ್ಸ್ ನೋಡಲು ಹೋಗಿದ್ದೆ. ಅಲ್ಲಿಂದ ಸೀದಾ ಮನೆಗೆ ಬರುತ್ತೇನೆ ಅಂತ ಅಮ್ಮನಿಗೆ ಹೇಳಿದ್ದೆ. ಬಸ್ಸು ಕೊಟ್ಟಿಗೆಹಾರಕ್ಕೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಚಿಕ್ಕಮ್ಮನ ಅಡುಗೆಮನೆಯ ಒಂದು ಅಳತೆ ಎಷ್ಟು ಸಲ ಬರೆದರೂ ಕೂಡುತ್ತಿರಲಿಲ್ಲ. ಹೇಗೂ ದಾರಿಯಲ್ಲೇ ಇದ್ದೇನಲ್ಲ ಅಂತ ಇಳಿದು, ಜೀಪು ಹತ್ತಿ ಲೈನಿಗೆ ಹೋದೆ.

ಮೊದಲು ಕಂಡದ್ದು ಆಟೋ. ಅದರ ಪಕ್ಕದಲ್ಲಿ ಚಿಕ್ಕಮ್ಮನ ಮಗ ಬನಿಯನ್ನಿನಲ್ಲಿ ಕೂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದ. ಅವನ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಕಳಸದಲ್ಲಿ ರೂಮ್ ಮಾಡಿದ್ದ ಮಹಾರಾಯ ಪಕ್ಕದ ಮನೆ ಬಾಗಿಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ. ಮಕ್ಕಳು, ಸೊಸೆಯರು, ನಾನು ಎಂದೂ ನೋಡಿರದ ಮುಖಗಳು. ಇಡೀ ಲೈನು ಗಿಜಿಗುಡುತ್ತಿತ್ತು. ನನ್ನನ್ನು ಕಂಡದ್ದೇ ಒಬ್ಬಳು ಮಗುವನ್ನು ಎತ್ತಿಕೊಂಡು ಒಳಗೋಡಿ ಬಾಗಿಲು ಹಾಕಿಕೊಂಡಳು. ಯಾರನ್ನು ನೋಡಿ? ನನ್ನನ್ನು ನೋಡಿ!

ಚಿಕ್ಕಮ್ಮ ಹೊರಗೆ ಬಂದಳು. ‘ಬರೋದಾದ್ರೆ ಒಂದ್ ಫೋನ್ ಮಾಡ್ಬಾರ್ದಾ ಮಗಾ? ನಿಮ್ಮಮ್ಮನೂ ಇವತ್ತು ಏನೂ ಹೇಳ್ಲಿಲ್ಲ.’

‘ಅಮ್ಮ ಏನು ಹೇಳ್ಬೇಕಿತ್ತು?’

ಅವಳು ನಾಲಿಗೆ ಕಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಎಲ್ಲವನ್ನೂ ಹೇಳಿದಳು. ಎಸ್ಟೇಟಿನಲ್ಲಿ ದುಡಿಯುವವರಿಗೆ ಮಾತ್ರ ಮನೆ. ಹೊರಗೆ ಕೆಲಸ ಮಾಡುವ ಮಕ್ಕಳು, ಅವರ ಹೆಂಡಿರು ಲೈನಿನಲ್ಲಿ ಇರಕೂಡದು. ಎಸ್ಟೇಟಿನ ಲೆಕ್ಕ ನೋಡುವ ರೈಟರಿಗೆ ಗೊತ್ತಿತ್ತು, ಪಾಪ, ಕಂಡೂ ಕಾಣದ ಹಾಗಿದ್ದ. ಸಾಹುಕಾರ್ರಿಗೆ ಗೊತ್ತಾದರೆ ಎಲ್ಲರೂ ಬೀದಿಗೆ. ಅದಕ್ಕೇ ನಾನು ಮನೆಯಿಂದ ಹೊರಟ ತಕ್ಷಣ ಅಮ್ಮ ಫೋನ್ ಮಾಡುತ್ತಿದ್ದಳು. ನನ್ನ ಬಸ್ಸು ಬರುವಷ್ಟರಲ್ಲಿ ಹಾಸಿಗೆ, ಬಟ್ಟೆ ಮೂಟೆಯಾಗಿ ಅಟ್ಟ ಸೇರುತ್ತಿದ್ದವು. ಸೊಸೆಯರು ಕೂಸುಗಳನ್ನು ಎತ್ತಿಕೊಂಡು ಕೊಟ್ಟಿಗೆಹಾರಕ್ಕೆ ಹೋಗಿ, ನಾನು ವಾಪಸ್ ಬಸ್ಸು ಹತ್ತುವವರೆಗೆ ಅಲ್ಲಿ ಇಲ್ಲಿ ಕೂತಿರುತ್ತಿದ್ದರು. ಕಾಗೆಯಂತೆ ಕಾಗೆ!

‘ನಂಗೆ ಹೇಳಿದ್ರೆ ನಾನು ಸಾಹುಕಾರ್ರಿಗೆ ಹೇಳ್ತಿದ್ನಾ ಚಿಕ್ಕಮ್ಮ?’

‘ಹೇಳ್ತಿರ್ಲಿಲ್ಲ ಮಗಾ. ಬರೀತಿದ್ದೆ.’

ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು. ಅವಳು ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಹೊರಟೆ. ಹೊರಗಿನವರು ಕಣ್ಣಿಗೆ ಮಣ್ಣೆರಚಿದ್ದರೆ ಬೈದು ಸುಮ್ಮನಾಗುತ್ತಿದ್ದೆನೇನೋ. ಆ ಲೈನಿನ ನಲ್ಲಿಯಲ್ಲಿ ಮೂಗು ತೊಳೆದುಕೊಂಡು ಬೆಳೆದವಳು ನಾನು. ನನ್ನನ್ನು ಕೂರಿಸಿ, ಕಡುಬು ತಿನ್ನಿಸಿ, ಇಡೀ ಲೈನು ಸೇರಿ ನಾಟಕ ಆಡಿತಲ್ಲ! ನಾಟಕ ಶುರು ಮಾಡಿ ಅಂತ ಗಂಟೆ ಹೊಡೆಯುತ್ತಿದ್ದವಳು ನನ್ನ ಹೆತ್ತಮ್ಮ.

ಮನೆಗೆ ಬಂದು ಫೋನಿನ ಮಾತೆತ್ತಿದರೆ ಅಮ್ಮ ಇಲ್ಲ ಅನ್ನಲಿಲ್ಲ. ಬಟ್ಟೆ ಮಡಿಸುತ್ತಲೇ, ‘ಹ್ಞೂಂ, ಮಾಡ್ತಿದ್ದೆ. ಅವ್ಳ ಮನೆ ಹೋದ್ರೆ ನೀನು ಕಟ್ಟಿಸ್ಕೊಡ್ತೀಯಾ?’ ಅಂದಳು.

‘ನನ್ನ ಥೀಸಿಸ್ ಗತಿ ಏನಮ್ಮ?’

‘ಈಗ ಬರ್ದಿರೋದನ್ನೇ ಕೊಡು. ಚೆನ್ನಾಗಿದೆ ಅಂದ್ರಂತಲ್ಲ ನಿಮ್ಮ ಮೇಡಮ್ಮು.’

ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಆ ವಾರದಲ್ಲೇ ನಿಜವಾದ ನಕ್ಷೆಯನ್ನೂ ಬರೆದೆ. ಆ ಸಂಜೆ ಕಂಡದ್ದು, ಆಮೇಲೆ ಚಿಕ್ಕಮ್ಮನ ಮಗ ಫೋನಿನಲ್ಲಿ ನಾಚಿಕೊಂಡು ಹೇಳಿದ್ದು, ಎರಡನ್ನೂ ಸೇರಿಸಿದೆ. ಮಗ, ಸೊಸೆ, ಮಗುವಿಗೆ ಕೋಣೆಯಲ್ಲಿ ಸೀರೆಯ ಮರೆ. ಚಿಕ್ಕಮ್ಮ ಒಲೆಯ ಬುಡದಲ್ಲಿ. ಚಿಕ್ಕಪ್ಪ ಬಾಗಿಲಿಗೆ ಅಡ್ಡಲಾಗಿ. ಎಷ್ಟು ಚೆಂದವಿತ್ತು ಆ ನಕ್ಷೆ! ನಾನು ತಿಂಗಳುಗಟ್ಟಲೆ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅದರ ಪಕ್ಕದಲ್ಲಿ ನಾನು ಇಬ್ಬರಿಗೆಂದು ಬರೆದ ಹೊಸ ಮನೆಯ ಪ್ಲಾನು ಹುಡುಗಾಟದ ಹಾಗೆ ಕಾಣುತ್ತಿತ್ತು. ಆದರೆ ನಿಜ ಬರೆದರೆ ಅದರ ಪ್ರತಿ ಸಾಹುಕಾರ್ರ ಮೇಜಿಗೂ ಹೋಗುತ್ತದೆ. ಸಿಟ್ಟೇನೋ ಇತ್ತು, ಚಿಕ್ಕಮ್ಮನನ್ನು ಬೀದಿಗೆ ಹಾಕುವಷ್ಟಿರಲಿಲ್ಲ. ನಿಜದ ನಕ್ಷೆಯನ್ನು ಹರಿದು ಒಲೆಗೆ ಹಾಕಿ, ಸುಳ್ಳಿನದನ್ನೇ ಬೈಂಡ್ ಮಾಡಿಸಿ ಕಾಲೇಜಿಗೆ ಕೊಟ್ಟೆ. ಥೀಸಿಸ್ ಪರೀಕ್ಷೆಗೆ ಬಂದ ಜ್ಯೂರಿಯವರು ಬಾಯಿತುಂಬ ಹೊಗಳಿದರು. ಇಷ್ಟು ಪ್ರಾಮಾಣಿಕವಾದ ಕೆಲಸ ಅಪರೂಪ ಎಂದರು. ನಾನು ಥ್ಯಾಂಕ್ಯೂ ಅಂದು ಬಾತ್‌ರೂಮಿಗೆ ಹೋಗಿ ಅತ್ತೆ. ಸಾಹುಕಾರ್ರಿಗೂ ಪ್ರತಿ ತಲುಪಿಸಿದೆ.

ಮುಂದಿನ ಕೊಯ್ಲಿನ ಹೊತ್ತಿಗೆ ಸಾಹುಕಾರ್ರು ಲೈನಿನವರನ್ನು ಕರೆಸಿದರಂತೆ. ನೀವಿರುವ ಮೇಲಿನ ಲೈನನ್ನು ಟೂರಿಸ್ಟರಿಗೆ ಕಾಟೇಜು ಮಾಡುವುದಿದೆ, ಎಲ್ಲರೂ ಕೆಳಗಿನ ಲೈನಿಗೆ ಹೋಗಿ, ಮನೆಗೆ ಇಬ್ಬಿಬ್ಬರೇ ಇದ್ದೀರಲ್ಲ, ಎರಡು ಸಂಸಾರ ಒಂದರಲ್ಲಿ ಧಾರಾಳವಾಗಿ ಇರಬಹುದು ಅಂದರಂತೆ. ನನ್ನ ಥೀಸಿಸ್ ತೆಗೆದು ಆ ನಕ್ಷೆಯನ್ನು ತೋರಿಸಿದರಂತೆ. ಇಲ್ಲ ಸ್ವಾಮಿ, ನಾವು ಐದೈದು ಜನ ಇದ್ದೇವೆ ಅಂತ ಹೇಳುವ ಬಾಯಿ ಯಾರಿಗಿದೆ? ಹೇಳಿದರೆ ಇರುವ ಮನೆಯೂ ಹೋಗುತ್ತದೆ.

ಮರುದಿನ ಚಿಕ್ಕಮ್ಮ ಪಕ್ಕದ ಮನೆಯವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಇಬ್ಬರ ಕಣ್ಣೂ ಊದಿದ್ದವು.

‘ಇಬ್ರೇ ಇರೋದು ಅಂತ ಬರ್ದಿದೀಯಲ್ಲೇ, ನಿನ್ ಕೈ ಸೇದ್ಹೋಗ!’ ಎಂದಳು ಪಕ್ಕದ ಮನೆಯವಳು. ಮಗನಿಗೆ ಕಳಸದಲ್ಲಿ ರೂಮ್ ಮಾಡಿಕೊಟ್ಟವಳು ಇವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಚಿಕ್ಕಮ್ಮ ಅವಳನ್ನು ತಡೆಯಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ನಾನು ಅಮ್ಮನ ಮುಖ ನೋಡಿದೆ. ನೀವು ತೋರಿಸಿದ್ದನ್ನೇ ಅವಳು ಬರೆದದ್ದು, ಗೊತ್ತಾದ ಮೇಲೂ ನಿಮಗೋಸ್ಕರ ಹಾಗೇ ಕೊಟ್ಟದ್ದು ಅಂತ ಅಮ್ಮ ಒಬ್ಬಳು ಹೇಳಿದರೆ ಸಾಕಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು. ಅಮ್ಮ ಇಬ್ಬರ ಮುಂದೆಯೂ ಕಾಫಿ ಲೋಟ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಬರೆಯೋ ಮುಂಚೆ ಒಂದ್ ಮಾತು ಕೇಳೋದಲ್ವಾ ಮಗಾ?’ ಎಂದಳು.

ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.