ಹುಂಜದ ಒಳಗಿನ ಆನೆ

೧೯೯೦ರಲ್ಲಿ ನಾನು ಕುವೈತಿನ ರಾಯ್ ಪ್ರದೇಶದ ಒಂದು ಖಾಸಗಿ ಸ್ಟುಡಿಯೋದಲ್ಲಿ ವಾರ್ಡ್‌ರೋಬ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಹಳೆಯ ಅಮೆರಿಕನ್ ಮಾದರಿಯ ಗೇಮ್ ಶೋ ಒಂದರ ಚಿತ್ರೀಕರಣ ನಡೆಯುತ್ತಿತ್ತು. ಪ್ರೇಕ್ಷಕರೇ ವೇಷ ಹಾಕಿ ಕೂರಬೇಕು. ನಿರೂಪಕನ ಕಣ್ಣಿಗೆ ಬಿದ್ದವರಿಗೆ ಆಡುವ ಅವಕಾಶ. ವೇಷಗಳನ್ನು ಹೊಲಿಯುತ್ತಿದ್ದವರು ನಾನು ಮತ್ತು ಉಳ್ಳಾಲದ ಟೈಲರ್ ಹಮೀದ್.

ಒಂದೇ ದಿನ ಎರಡು ಕಂತು, ಪ್ರೇಕ್ಷಕರು ಮಾತ್ರ ಅವರೇ. ಹಾಗಾಗಿ ನಿಲುವಂಗಿಗಳೆಲ್ಲ ರಿವರ್ಸಿಬಲ್. ಕಿತ್ತಳೆ ಬಣ್ಣದ ಹುಂಜವನ್ನು ತಿರುಗಿಸಿ ತೊಟ್ಟರೆ ಬೂದು ಉಣ್ಣೆಯ ಆನೆ. ಗುಂಪಿನಲ್ಲಿ ಭುಜದ ಕೆಳಗಿನದು ಕ್ಯಾಮೆರಾಕ್ಕೆ ಕಾಣದು. ಬಣ್ಣವೆಲ್ಲ ಹೆಗಲು, ತಲೆಯ ಮೇಲೇ ಇರಬೇಕು. ಆರು ವರ್ಷದ ನನ್ನ ಮಗಳು ರೀನಾಳಿಗೆ ಆ ಹುಂಜವೆಂದರೆ ಪ್ರಾಣ.

ಆಗಸ್ಟ್ ಎರಡರಂದು ಇರಾಕಿ ಸೇನೆ ನುಗ್ಗಿತು. ಸ್ಟುಡಿಯೋ ಖಲಾಸ್. ಗಂಡ ರಜೆಗೆ ಮಂಗಳೂರಿಗೆ ಹೋಗಿದ್ದರು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ಬೆಚ್ಚುತ್ತಿದ್ದೆ. ರಿಪೇರಿಗೆಂದು ಮನೆಗೆ ತಂದಿದ್ದ ಹುಂಜವನ್ನೂ ಸೇರಿಸಿ ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಕೊನೆಗೆ ಹಮೀದರ ಕುಟುಂಬದ ಜೊತೆ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನ್ ಕಡೆ ಹೊರಟೆವು.

ನನ್ನ ಗಂಟು ನೋಡಿ ಹಮೀದ್ ಕೇಳಿದರು, “ಬಾಯಮ್ಮ, ಫ್ರಿಜ್ಜು, ಟಿವಿ ಬಿಟ್ಟು ಬಂದಿದ್ದೀರಿ. ಈ ಕೋಳಿ ಯಾಕೆ ಮಾರಾಯ್ರೆ?”

“ಕೋಳಿ ಅಲ್ಲ ಬ್ಯಾರಿಗಳೇ, ಕಂಬಳಿ. ರಾತ್ರಿ ಮಗುವಿಗೆ ಚಳಿಯಾಗ್ತದೆ.”

ಆನೆಯ ಬದಿಯನ್ನು ಹೊರಗೆ ಮಾಡಿ ಮಡಚಿದ್ದೆ. ದಾರಿಯ ತಪಾಸಣೆಗಳಲ್ಲಿ ಸೈನಿಕರಿಗೆ ಕಂಡದ್ದು ಬೂದು ಬಟ್ಟೆ ಮಾತ್ರ.

ಗಡಿಯ ಶಿಬಿರದಲ್ಲಿ ನೀರಿನ ಟ್ಯಾಂಕರ್ ಬಂದಾಗ ಜನ ಮುಗಿಬಿದ್ದರು. ರೀನಾಳ ಕೈ ನನ್ನ ಕೈಯಿಂದ ಜಾರಿತು. ಎತ್ತ ನೋಡಿದರೂ ಒಂದೇ ತರಹದ ಡೇರೆಗಳು. ಕೂಗುತ್ತ ಓಡಿದೆ, ಹೋದ ದಾರಿಯಲ್ಲೇ ಮರಳಿ ಓಡಿದೆ. ಹಮೀದ್ ಅಡ್ಡ ಬಂದು ನಿಂತರು.

“ಅವಳೂ ನಿಮ್ಮನ್ನೇ ಹುಡುಕ್ತಾ ಇರ್ಬಹುದು. ಇಬ್ಬರೂ ಓಡಿದ್ರೆ ಸಿಗುವುದು ಹೇಗೆ?”

ಆಗ ಹೆಗಲ ಗಂಟಿನಿಂದ ನಿಲುವಂಗಿ ತೆಗೆದು, ಹುಂಜದ ಬದಿಗೆ ತಿರುಗಿಸಿ ತೊಟ್ಟು, ಅದರ ಕೆಂಪು ಜುಟ್ಟನ್ನು ತಲೆಗೇರಿಸಿ, ಯಾರದೋ ಟ್ರಂಕಿನ ಮೇಲೆ ಹತ್ತಿ ನಿಂತೆ. ಹಮೀದ್ ಹುಡುಕಲು ಹೋದರು. “ದೇಖೋ ಭಾಯಿ, ಮುರ್ಗಾ!” ಎಂದು ಯಾರೋ ನಕ್ಕರು. ನಗಲಿ. ಕಾಲುಗಳು ಓಡು ಓಡು ಎನ್ನುತ್ತಿದ್ದವು. ಅವನ್ನು ನಿಲ್ಲಿಸಿಕೊಂಡಷ್ಟು ಕಷ್ಟದ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ಕೆಳಗಿನಿಂದ ಯಾರೋ ಅಂಗಿಯ ಅಂಚು ಜಗ್ಗಿದರು.

“ಮಮ್ಮಾ, ವೈ ಆರ್ ಯು ಎ ಚಿಕನ್?”

ಟ್ರಂಕಿನಿಂದ ಇಳಿದು ರೀನಾಳನ್ನು ನಿಲುವಂಗಿಯೊಳಗೆ ಎಳೆದುಕೊಂಡೆ.

ವೇಷವನ್ನು ತೊಡುವವರ ಅಳತೆಗೆ ಹೊಲಿದರೆ ಸಾಲದು, ಹುಡುಕುವವರ ಕಣ್ಣಿಗೂ ಹೊಲಿಯಬೇಕು. ಈಗಲೂ ಶಾಲೆಯ ನಾಟಕಕ್ಕೆ ಉಡುಪು ಹೊಲಿದರೆ, ಕೊನೆಯ ಸಾಲಿಗೆ ಹೋಗಿ, ಆರು ವರ್ಷದ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ನೋಡುತ್ತೇನೆ.